ಮಗ ವೀಲಿ ಮಾಡ್ತಾನೆ, ಲೈಟ್ ಒಡೀತಾನೆ, ನಾನೇನ್ ಮಾಡ್ಲಿ?

ಪ್ರಶ್ನೆ: ಮೇಡಂ, ನಮ್ದು ಶಿಡ್ಲಘಟ್ಟದ ಹತ್ರ ಹಳ್ಳಿ, ರೇಷ್ಮೆ ಹುಳ ಮೇಯ್ಸೋರು. ಮಗನಿಗೆ 16. ಸಾಯಂಕಾಲ ಆದ್ರೆ ನನ್ ಬೈಕ್ ತಗೊಂಡು ಚಿಂತಾಮಣಿ ರೋಡಲ್ಲಿ ವೀಲಿ ಮಾಡ್ತಾನೆ, ಫ್ರೆಂಡ್ಸ್ ವಿಡಿಯೋ ತೆಗೀತಾರೆ. ಹೋದ ತಿಂಗಳು ಎಲ್ಲಾ ಸೇರ್ಕೊಂಡು ಊರಿನ ಬೀದಿ ಲೈಟ್ ಒಡೆದಾಕಿದ್ರು. ನಮ್ಮಪ್ಪ ಒಂದ್ಸಲ ಕಣ್ ಬಿಟ್ರೆ ನಾವು ಸುಮ್ನಾಗ್ತಿದ್ವಿ. ಈಗಿನ ಹುಡುಗ್ರು ಯಾಕೆ ಹೀಗೆ?

ಉತ್ತರ: ಅಣ್ಣಾ, ನಿಮ್ ಸಂಕಟ ಅರ್ಥ ಆಗುತ್ತೆ, ಆದ್ರೆ ಆಗ ಹುಡುಗ್ರು ಸುಮ್ನಿದ್ರು ಅನ್ನೋದನ್ನ ನಾನು ಒಪ್ಪಲ್ಲ. ನಾನೂ ಆ ಕಡೆಯವ್ಳೇ, ಪಂಪ್‌ಸೆಟ್ ಫ್ಯೂಸ್ ಕಿತ್ಕೊಂಡು ಹೋಗೋದು, ಜಾತ್ರೇಲಿ ಪಕ್ಕದೂರೋರ ಜೊತೆ ಕಲ್ಲು ತೂರಾಡೋದು ಎಲ್ಲಾ ಕಣ್ಣಾರೆ ನೋಡಿದೀನಿ, ಅವ್ರಲ್ಲಿ ಬಹಳ ಜನ ಈಗ ಮೊಮ್ಮಕ್ಕಳನ್ನ ಸ್ಕೂಲಿಗೆ ಬಿಡೋ ತಾತಂದಿರು. ಟೆರಿ ಮಾಫಿಟ್ ಅನ್ನೋ ಮನಶ್ಶಾಸ್ತ್ರಜ್ಞೆ 1993ರಲ್ಲೇ ಬರೆದಿದ್ದಾರೆ, ಇಂಥ ಪುಂಡಾಟ ಚಿಕ್ಕಂದಿನಿಂದ ಶುರುವಾಗಿ ದೊಡ್ಡೋರಾದ್ರೂ ಬಿಡದೇ ಇರೋರು ತುಂಬಾ ಕಮ್ಮಿ, ಮಿಕ್ಕೋರದ್ದು ಹರೆಯದಲ್ಲಿ ಬಂದು ಹರೆಯದ ಜೊತೆಗೇ ಹೋಗುತ್ತೆ ಅಂತ.

ನನಗನ್ಸೋದು ನಿಮ್ಮನ್ನ ಹಿಡಿದಿಟ್ಟಿದ್ದು ಮನೆ ಕೆಲ್ಸ. ನಾಲ್ಕನೇ ಜ್ವರ, ಅಂದ್ರೆ ನಾಲ್ಕನೇ ಸಲ ಪೊರೆ ಬಿಟ್ಟು, ಎದ್ದ ಹುಳಕ್ಕೆ ಎಷ್ಟು ಸೊಪ್ಪು ಹಾಕಿದ್ರೂ ಸಾಲ್ದು, ಆ ಒಂದು ವಾರ ನೀವು ಕೈ ಕೊಟ್ರೆ ಬೆಳೆನೇ ಹೋಗ್ತಿತ್ತು, ಅದು ನಿಮಗೂ ಗೊತ್ತು ನಿಮ್ಮಪ್ಪನಿಗೂ ಗೊತ್ತು, ಪಕ್ಕದಲ್ಲಿ ಅಜ್ಜಿ, ಮಾವ, ಕೂಲಿಯೋರು ಅಂತ ಎಲ್ಲಾ ವಯಸ್ಸಿನೋರು ಇರ್ತಿದ್ರು. ಈಗ ಕಡ್ಡಿ ಸಮೇತ ಸೊಪ್ಪು ಹಾಕೋ ಶೆಡ್ ಬಂದು ಅಷ್ಟು ಜನ ಬೇಕಿಲ್ಲ, ಹುಡುಗನ್ನ ಓದ್ಕೋ ಹೋಗು ಅಂತ ಪ್ರೀತಿಯಿಂದ್ಲೇ ಕಳಿಸ್ತೀವಿ, ಓದು ಹತ್ತಲಿಲ್ಲ ಅಂದ್ರೆ ಅವನು ಮನೇಲಿ ಯಾರಿಗೂ ಬೇಡದೋನು. ಬೇಕಾಗೋದು ಆ ರೋಡಲ್ಲಿ, ಫೋನ್ ಹಿಡ್ಕೊಂಡು ನಿಂತಿರೋ ಅವನ ವಯಸ್ಸಿನೋರಿಗೆ. 2005ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರಾದ ಗಾರ್ಡ್ನರ್, ಸ್ಟೈನ್‌ಬರ್ಗ್ ಕಂಪ್ಯೂಟರಲ್ಲಿ ಕಾರ್ ಓಡ್ಸೋ ಆಟ ಆಡಿಸಿ ನೋಡಿದ್ರು, ಪಕ್ಕದಲ್ಲಿ ಫ್ರೆಂಡ್ಸ್ ಇದ್ರೆ ಹರೆಯದೋರು ಒಬ್ರೇ ಇದ್ದಾಗಿಗಿಂತ ಬಹಳ ಜಾಸ್ತಿ ರಿಸ್ಕ್ ತಗೊಂಡ್ರು, 24 ದಾಟಿದೋರಲ್ಲಿ ಅಂಥ ವ್ಯತ್ಯಾಸ ಕಾಣ್ಲಿಲ್ಲ. ಫ್ಯೂಸ್ ಕಿತ್ತೋನನ್ನ ನೋಡ್ತಿದ್ದಿದ್ದು ನಾಕ್ ಜನ, ನಿಮ್ ಮಗನ್ನ ನೋಡೋರಿಗೆ ಲೆಕ್ಕ ಇಲ್ಲ.

ಬೈಕ್ ಕೀ ಇವತ್ತೇ ಎತ್ತಿಡಿ. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿ ಪ್ರಕಾರ ಅಪ್ರಾಪ್ತ ಹುಡುಗ ಗಾಡಿ ಓಡಿಸಿ ಅಪರಾಧ ಮಾಡಿದ್ರೆ ಗಾಡಿ ಕೊಟ್ಟ ಅಪ್ಪನಿಗೇ 3 ವರ್ಷದವರ್ಗೂ ಜೈಲು, 25,000 ರೂಪಾಯಿ ದಂಡ, ಹುಡುಗನಿಗೆ 25 ತುಂಬೋವರ್ಗೂ ಲೈಸೆನ್ಸ್ ಇಲ್ಲ. ಹೊಡೀಬೇಡಿ. ಅವನ ಜೊತೆ ನೀವೂ ಪಂಚಾಯ್ತಿಗೆ ಹೋಗಿ, ಒಡೆದಿದ್ದು ಒಪ್ಕೊಂಡು, ಹೊಸ ಲೈಟಿನ ದುಡ್ಡು ಅವನೇ ದುಡ್ದು ಕಟ್ಲಿ. ಮುಂದಿನ ಬೆಳೇಲಿ ಒಂದು ಭಾಗ ಪೂರ್ತಿ ಅವನ ಕೈಗೆ ಕೊಡಿ, ಗೂಡು ಮಾರ್ಕೆಟ್ಟಿಗೂ ಅವನೇ ಬರ್ಲಿ, ರೇಟು ಅವನೇ ಕೇಳ್ಲಿ. ಇದರ ಜೊತೆ ಗಾಂಜಾ ವಾಸನೆ ಬಂದ್ರೆ, ನಿದ್ದೆ ಊಟ ಬಿಟ್ರೆ, ಇಲ್ಲಾ ಪ್ರಾಣಿಗಳಿಗೆ ಹಿಂಸೆ ಕೊಡೋದು ಕಂಡ್ರೆ ಕಾಯ್ಬೇಡಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡ್ಬೋದು, ರಾತ್ರಿನೂ ಎತ್ತುತ್ತಾರೆ.