ಸರ್ಕಾರಿ ಪದವಿ ಕಾಲೇಜಿನಲ್ಲಿ ಎನ್‌ಎಸ್‌ಎಸ್‌ ಸೇರಿದರೆ ಓದಿಗೆ ತೊಂದರೆಯಾಗುತ್ತದೆಯೇ?

ಇಲ್ಲ, ಧೈರ್ಯವಾಗಿ ಸೇರಿ. ಗಾಂಧೀಜಿಯವರ ಜನ್ಮಶತಾಬ್ದಿಯ ವರ್ಷ, 1969ರ ಸೆಪ್ಟೆಂಬರ್ 24ರಂದು 37 ವಿಶ್ವವಿದ್ಯಾಲಯಗಳಲ್ಲಿ ಆರಂಭವಾದ ರಾಷ್ಟ್ರೀಯ ಸೇವಾ ಯೋಜನೆ (ಎನ್‌ಎಸ್‌ಎಸ್‌) ಕೇಳುವುದು ವರ್ಷಕ್ಕೆ 120 ಗಂಟೆಯಂತೆ ಎರಡು ವರ್ಷದ ಸೇವೆ, ಜೊತೆಗೆ ಏಳು ದಿನಗಳ ವಿಶೇಷ ಶಿಬಿರ. ಶಿಬಿರವೇ ಇದರ ಜೀವಾಳ. ಬೆಳಿಗ್ಗೆ ಸನಿಕೆ ಹಿಡಿದು ಚರಂಡಿಯ ಹೂಳೆತ್ತುವುದು, ಮಧ್ಯಾಹ್ನ ಮನೆಮನೆ ಸಮೀಕ್ಷೆ, ರಾತ್ರಿ ಶಾಲೆಯ ಜಗಲಿಯಲ್ಲಿ ನಾಟಕ. ತಾಲ್ಲೂಕು ಕೇಂದ್ರಗಳಿಗೂ ಪ್ರಥಮ ದರ್ಜೆ ಕಾಲೇಜು ಬಂದದ್ದರಿಂದ ಎಷ್ಟೋ ಮನೆಗಳ ಮೊದಲ ಪದವೀಧರೆ ಅಲ್ಲಿಂದಲೇ ಹೊರಬಂದಿದ್ದಾಳೆ. ಅಂಥ ಹುಡುಗಿ ಸಮೀಕ್ಷೆಗೆ ಹೋದರೆ, ಮಗಳ ಓದನ್ನು ಹತ್ತನೇ ತರಗತಿಗೇ ನಿಲ್ಲಿಸಿದ ತಾಯಿಯೂ ಅವಳಿಗೆ ಚಾಪೆ ಹಾಸಿ, ಅರ್ಜಿ, ಶುಲ್ಕ, ಹಾಸ್ಟೆಲ್‌ ಬಗ್ಗೆ ವಿಚಾರಿಸುತ್ತಾಳೆ. ಇದಕ್ಕಿಂತ ದೊಡ್ಡ ಸೇವೆ ನನಗೆ ಕಾಣದು. ಪ್ರವೇಶ ಪಡೆದ ವಾರದಲ್ಲೇ ಕಾಲೇಜಿನ ಎನ್‌ಎಸ್‌ಎಸ್‌ ಕಾರ್ಯಕ್ರಮಾಧಿಕಾರಿಯನ್ನು ಕಂಡು ಹೆಸರು ಬರೆಸಿ.