ತುಪ್ಪ ಬಿಡಿಸಿದ್ರೆ ಎಎಲ್‌ಡಿ ವಾಸಿ ಆಗುತ್ತಾ?

ಪ್ರಶ್ನೆ: ನಮ್ಮಕ್ಕನ ಮಗನಿಗೆ 7 ವರ್ಷ, ರಕ್ತದಲ್ಲಿ ಸಿ26 ಕೊಬ್ಬು ಜಾಸ್ತಿ ಇದೆ, ಎಎಲ್‌ಡಿ (ಅಡ್ರಿನೋಲ್ಯುಕೋಡಿಸ್ಟ್ರಫಿ ಅನ್ನೋ ಹುಟ್ಟಿನಿಂದ ಬರೋ ಜೀನ್ ಕಾಯಿಲೆ) ಅಂದಿದಾರೆ. ಎಣ್ಣೆ, ತುಪ್ಪ ಬಿಡಿಸಿದ್ರೆ ಸರಿಹೋಗುತ್ತಾ?

ಉತ್ತರ: ಅಕ್ಕನ ಅಡುಗೆಯಿಂದ ಹೀಗಾಯ್ತು ಅಂತ ದಯವಿಟ್ಟು ಯಾರೂ ಅನ್ಬೇಡಿ. 26 ಕಾರ್ಬನ್ ಇರೋ ಈ ಉದ್ದನೆ ಕೊಬ್ಬಿನಾಮ್ಲನ ಹೆಚ್ಚಾಗಿ ದೇಹವೇ ತಯಾರು ಮಾಡುತ್ತೆ, ಅದನ್ನ ಕತ್ತರಿಸೋ ಜಾಗ ಜೀವಕೋಶದೊಳಗಿನ ಪೆರಾಕ್ಸಿಸೋಮ್, ಎಬಿಸಿಡಿ1 ಜೀನ್ ಕೆಟ್ಟಿದ್ರೆ ಕೊಬ್ಬು ಅದರೊಳಗೆ ಹೋಗೋಕೇ ಆಗಲ್ಲ, ಮಿದುಳಲ್ಲಿ, ಮೂತ್ರಪಿಂಡದ ಮೇಲಿರೋ ಅಡ್ರಿನಲ್ ಗ್ರಂಥೀಲಿ ಸೇರ್ಕೊಳುತ್ತೆ. ತುಪ್ಪ ಬಿಡಿಸಿದ್ರೆ ಇದು ನಿಲ್ಲಲ್ಲ. ಮಗು ಮೈ, ಒಸಡು ಕಪ್ಪಾಗ್ತಿದೆಯಾ, ಊಟಕ್ಕೆ ಉಪ್ಪು ಜಾಸ್ತಿ ಕೇಳ್ತಾನಾ, ವಾಂತಿ, ಸುಸ್ತು ಇದೆಯಾ? ಇವು ಅಡ್ರಿನಲ್ ಗ್ರಂಥಿ ಸೋತಿರೋ ಲಕ್ಷಣ. ಇರ್ಲಿ ಇಲ್ದೇ ಇರ್ಲಿ, ಕಾರ್ಟಿಸಾಲ್ (ಆ ಗ್ರಂಥಿ ಮಾಡೋ ಹಾರ್ಮೋನ್) ಟೆಸ್ಟ್ ಬೇಗ ಮಾಡ್ಸಿ, ಕೊರತೆಗೆ ಮಾತ್ರೆ ಇದೆ. ಎಂಆರ್‌ಐ ಡಾಕ್ಟರ್ ಹೇಳಿದ ಟೈಮಿಗೆ ತಪ್ಪಿಸ್ಲೇಬೇಡಿ, ಮಿದುಳಲ್ಲಿ ಬದಲಾವಣೆ ಶುರುವಿನಲ್ಲೇ ಸಿಕ್ರೆ ಅಸ್ಥಿಮಜ್ಜೆ ಕಸಿಯಿಂದ ತಡೀಬಹುದು, ಲೇಟಾದ್ರೆ ತುಂಬಾ ಕಷ್ಟ. ಗಂಡುಮಕ್ಕಳಿಗೆ ಈ ಕೆಟ್ಟ ಜೀನ್ ಸಾಮಾನ್ಯವಾಗಿ ತಾಯಿ ಕಡೆಯಿಂದ ಬರುತ್ತೆ, ನೀವೂ ಟೆಸ್ಟ್ ಮಾಡಿಸ್ಕೊಳ್ಳಿ.