ನವಣೆ ಸೂಪು ಗಂಜಿಯಾಗುವುದೇಕೆ?

ನವಣೆ, ಹೆಸರುಕಾಳು, ಪಾಲಕ್ ಮೂರನ್ನೂ ಒಟ್ಟಿಗೆ ಕುಕ್ಕರಿಗೆ ಹಾಕಿ 4 ಸೀಟಿ ಕೂಗಿಸಿದೆ, ಮುದ್ದೆಯಾಯಿತು, ಸೊಪ್ಪು ಕಂದಿತು ಎಂದಿದ್ದೀರಿ. ಮೂರಕ್ಕೂ ಬೇಯುವ ಹೊತ್ತು ಬೇರೆ ಬೇರೆ, ತೊಂದರೆ ಅಲ್ಲೇ ಇದೆ.

ನಾಲ್ಕು ಜನರಿಗೆ ಅರ್ಧ ಲೋಟ ಇಡೀ ಹೆಸರುಕಾಳು ಸಾಕು. 4 ಗಂಟೆ ನೆನೆಸಿ, 2 ಲೋಟ ನೀರಿನಲ್ಲಿ ಅದೊಂದನ್ನೇ 2-3 ಸೀಟಿ ಬೇಯಿಸಿ. ನವಣೆ ಕಾಲು ಲೋಟ ಮೀರಬಾರದು. ತೊಳೆದು ಅರ್ಧ ಗಂಟೆ ನೆನೆಸಿಡಿ. ಅಗಲ ಪಾತ್ರೆಯಲ್ಲಿ ಎಣ್ಣೆ, ಜೀರಿಗೆ, ಜಜ್ಜಿದ ಬೆಳ್ಳುಳ್ಳಿ, ಈರುಳ್ಳಿ ಬಾಡಿಸಿ, 4 ಲೋಟ ನೀರು ಕುದಿ ಬಂದಮೇಲೆ ನವಣೆ ಹಾಕಿ. 12-15 ನಿಮಿಷಕ್ಕೆ ನವಣೆ ಅರಳುತ್ತದೆ. ಆಮೇಲೆ ಬೆಂದ ಕಾಳು, ಟೊಮೆಟೊ, ಉಪ್ಪು. ಟೊಮೆಟೊ ಮೊದಲೇ ಹಾಕಿದರೆ ಹುಳಿಗೆ ಕಾಳು ಬೇಗ ಮೆತ್ತಗಾಗುವುದಿಲ್ಲ.

ಹೆಚ್ಚಿದ ಪಾಲಕ್ ಎರಡು ಹಿಡಿ, ಕೊನೆಯ 2-3 ನಿಮಿಷ, ಮುಚ್ಚಳ ತೆಗೆದೇ ಇರಲಿ. ಮುಚ್ಚಿದರೆ ಬಣ್ಣ ಹೋಗುತ್ತದೆ. ನುಗ್ಗೆಸೊಪ್ಪಾದರೆ 8 ನಿಮಿಷ ಬೇಕು, ಕಡ್ಡಿ ಬಿಡಿಸಿರಬೇಕು (ರುಚಿಗೆ ನನ್ನ ಓಟು ಇದಕ್ಕೇ). ನಿಂಬೆರಸ, ಕಾಳುಮೆಣಸಿನ ಪುಡಿ ಒಲೆ ಆರಿಸಿದ ಮೇಲೆ.

ಆರಿದಂತೆ ನವಣೆ ನೀರು ಹೀರಿ ಗಟ್ಟಿಯಾಗುವುದು ಸಹಜ. ಬಿಸಿನೀರು ಬೆರೆಸಿ, ಇನ್ನೊಂದು ಕುದಿ ಬರಿಸಿ, ಉಪ್ಪು ನೋಡಿಕೊಳ್ಳಿ.